ಪೊರೆಗೆ ತಾಯಿಯ ಹೆಸರು: ‘ಡ್ಯೂರಾ ಮೇಟರ್’, ‘ಪಯಾ ಮೇಟರ್’ ಪದಗಳ ಚರಿತ್ರೆ ಮತ್ತು ಅನುವಾದ ಎರವಲಿನ ಒಂದು ಸಮಸ್ಯೆ

ಸಾರಾಂಶ

ಮಿದುಳನ್ನು ಸುತ್ತಿ ಕಾಯುವ ಪೊರೆಗಳನ್ನು ವೈದ್ಯವಿಜ್ಞಾನವು ಒಟ್ಟಾಗಿ ‘ಮೆನಿಂಜೀಸ್’ ಎಂಬ ಗ್ರೀಕ್ ಮೂಲದ ಪದದಿಂದ ಕರೆಯುತ್ತದೆ. ಬಿಡಿಬಿಡಿಯಾಗಿ ಹೇಳುವಾಗ ಮಾತ್ರ ‘ಡ್ಯೂರಾ ಮೇಟರ್’, ‘ಪಯಾ ಮೇಟರ್’ ಎಂಬ ಲ್ಯಾಟಿನ್ ಹೆಸರುಗಳನ್ನು ಬಳಸುತ್ತದೆ. ಮೊದಲನೆಯದರ ಪದಶಃ ಅರ್ಥ ‘ಗಡಸು ತಾಯಿ’; ಎರಡನೆಯದರದು ‘ಕರುಣೆಯ ತಾಯಿ’ ಅಥವಾ ‘ಧರ್ಮನಿಷ್ಠ ತಾಯಿ’. ಗ್ರೀಕ್ ವೈದ್ಯರ ಪರಿಭಾಷೆಯಲ್ಲಿ ಇಲ್ಲದಿದ್ದ ಈ ತಾಯಿ ಲ್ಯಾಟಿನ್ನಿಗೆ ಬಂದದ್ದು ಅರಬೀ ಭಾಷೆಯ ಹಾದಿಯಲ್ಲಿ. ಅನುವಾದ ಎರವಲು ಪದದ ಅರ್ಥವನ್ನು ಸಾಗಿಸುತ್ತದೆ, ಆ ಪದವು ಮೂಲಭಾಷೆಯಲ್ಲಿ ಪಡೆದಿದ್ದ ವ್ಯಾಕರಣಾತ್ಮಕ ಸ್ಥಾನವನ್ನು ಸಾಗಿಸುವುದಿಲ್ಲ ಎಂಬುದನ್ನು ಈ ಚರಿತ್ರೆಯ ಮೂಲಕ ತೋರಿಸುವುದು ಲೇಖನದ ಉದ್ದೇಶ. ಕೊನೆಯ ಭಾಗದಲ್ಲಿ ಇದೇ ವಸ್ತುವಿಗೆ ಕನ್ನಡದಲ್ಲಿ ಬಳಕೆಯಾಗುವ ‘ಪೊರೆ’ ಎಂಬ ಪದವನ್ನು ಪರಿಶೀಲಿಸಲಾಗಿದೆ.

ಕೀಲಿಪದಗಳು: ಅನುವಾದ ಎರವಲು, ವೈದ್ಯ ಪರಿಭಾಷೆ, ಬಂಧುವಾಚಕಗಳು, ವ್ಯಾಕರಣೀಕರಣ, ಪೊರೆ

1. ಸಮಸ್ಯೆಯ ನೆಲೆ

ಪಾರಿಭಾಷಿಕ ಪದರಚನೆಯನ್ನು ಕುರಿತ ಒಂದು ತರಗತಿಯಲ್ಲಿ ನಾವು ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರದ ಇಪ್ಪತ್ತು ಪದಗಳನ್ನು ಕೊಟ್ಟು, ನಿಘಂಟುಗಳ ನೆರವಿನಿಂದ ಕನ್ನಡಕ್ಕೆ ತರಲು ಹೇಳಿದ್ದೆವು. ಒಬ್ಬ ವಿದ್ಯಾರ್ಥಿನಿಯು ‘ಡ್ಯೂರಾ ಮೇಟರ್’ ಎಂಬುದಕ್ಕೆ ‘ಕಠಿಣ ಮಾತೆ’ ಎಂದೂ ‘ಪಯಾ ಮೇಟರ್’ ಎಂಬುದಕ್ಕೆ ‘ಭಕ್ತಿವಂತ ಮಾತೆ’ ಎಂದೂ ಬರೆದಿದ್ದಳು. ತರಗತಿ ನಕ್ಕಿತು. ಆದರೆ ಆಕೆ ನಿಘಂಟನ್ನು ತಪ್ಪಾಗಿ ಓದಿರಲಿಲ್ಲ. ಲ್ಯಾಟಿನ್ ನಿಘಂಟು ಹೇಳುವುದು ಬಹುಮಟ್ಟಿಗೆ ಅದನ್ನೇ. ನಗೆಗೀಡಾಗಬೇಕಾದ ಸಂಗತಿಯೇನಾದರೂ ಇದ್ದರೆ ಅದು ಆಕೆಯ ಉತ್ತರದಲ್ಲಿರಲಿಲ್ಲ, ಸುಮಾರು ಒಂಬತ್ತು ಶತಮಾನಗಳಿಂದ ಜಗತ್ತಿನ ವೈದ್ಯರೆಲ್ಲ ಗಂಭೀರವಾಗಿ ಬಳಸುತ್ತ ಬಂದಿರುವ ಪದದಲ್ಲಿಯೇ ಇತ್ತು. ಒಂದು ಪೊರೆಯನ್ನು ತಾಯಿ ಎಂದು ಏಕೆ ಕರೆಯಬೇಕು? ಅದು ತಾಯಿಯೇ ಆದರೂ ಆಕೆ ಭಕ್ತಿವಂತೆ ಹೇಗಾದಳು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ವಸ್ತುವಿನ ಪರಿಚಯ ಅಗತ್ಯ. ತಲೆಬುರುಡೆಗೂ ಮಿದುಳಿಗೂ ನಡುವೆ ಮೂರು ಪೊರೆಗಳಿವೆ. ಬುರುಡೆಗೆ ಅಂಟಿಕೊಂಡಿರುವ ದಪ್ಪನೆಯ, ಗಟ್ಟಿಯಾದ ಹೊರಪೊರೆ ಡ್ಯೂರಾ. ಮಿದುಳಿನ ಮೇಲ್ಮೈಯ ಪ್ರತಿಯೊಂದು ಮಡಿಕೆಯೊಳಕ್ಕೂ ಇಳಿದು ಅಂಟಿಕೊಳ್ಳುವ ಅತಿ ತೆಳುವಾದ ಒಳಪೊರೆ ಪಯಾ. ಇವೆರಡರ ನಡುವೆ ಜೇಡರ ಬಲೆಯಂಥ ಎಳೆಗಳುಳ್ಳ ಅರಕ್ನಾಯ್ಡ್ ಇದೆ. ನಡುವಿನ ಪೊರೆಗೂ ಒಳಪೊರೆಗೂ ಮಧ್ಯದ ಅವಕಾಶದಲ್ಲಿ ಮಿದುಳುಬಳ್ಳಿಯ ದ್ರವ ತುಂಬಿರುತ್ತದೆ. ಇದೇ ಪೊರೆಗಳು ಮಿದುಳುಬಳ್ಳಿಯನ್ನೂ ಸುತ್ತಿಕೊಂಡು ಕೆಳಗಿಳಿಯುತ್ತವೆ. ಈ ಪೊರೆಗಳಿಗೆ ತಗಲುವ ಸೋಂಕು ಮೆನಿಂಜೈಟಿಸ್.

2. ಗ್ರೀಕ್: ತಾಯಿಯಿಲ್ಲದ ಪೊರೆ

ಗ್ರೀಕ್ ಭಾಷೆಯ ‘ಮೇನಿಂಕ್ಸ್’ ಮೊದಲಿಗೆ ಮಿದುಳಿಗೆ ಮೀಸಲಾದ ಪದವಾಗಿರಲಿಲ್ಲ. ಕ್ರಿಸ್ತಪೂರ್ವ 5ನೇ ಶತಮಾನದ ಎಂಪೆಡೋಕ್ಲೆಸ್ ಕಣ್ಣನ್ನು ಲಾಂದ್ರಕ್ಕೆ ಹೋಲಿಸುವ ತನ್ನ ಪ್ರಸಿದ್ಧ ಪದ್ಯಭಾಗದಲ್ಲಿ ಕಣ್ಣೊಳಗಿನ ಬೆಂಕಿಯನ್ನು ಸುತ್ತುವರಿದ ಪೊರೆಗಳಿಗೆ ಈ ಪದವನ್ನು ಬಳಸುತ್ತಾನೆ. ಅರಿಸ್ಟಾಟಲನು ಶ್ರವಣವನ್ನು ಚರ್ಚಿಸುವಾಗ ಕಿವಿಯ ತಮಟೆಗೆ ಇದೇ ಪದವನ್ನು ಬಳಸುತ್ತಾನೆ. ಹಿಪ್ಪೊಕ್ರೇಟಿಸನ ಹೆಸರಿನಲ್ಲಿರುವ ತಲೆಯ ಗಾಯಗಳ ಕುರಿತ ಗ್ರಂಥದಲ್ಲಿ ಮಾತ್ರ ಅದು ಸ್ಪಷ್ಟವಾಗಿ ಬುರುಡೆಯ ಕೆಳಗಿನ ಪೊರೆಯನ್ನು ಸೂಚಿಸುತ್ತದೆ. ಮೂಳೆಯನ್ನು ಕೊರೆಯುವ ಶಸ್ತ್ರವೈದ್ಯನು ಆ ಪೊರೆಗೆ ಹಾನಿಯಾಗದಂತೆ ಎಚ್ಚರ ವಹಿಸಬೇಕೆಂದು ಅಲ್ಲಿ ಹೇಳಲಾಗಿದೆ. ಸಾಮಾನ್ಯಾರ್ಥದ ಪದವೊಂದು ವೃತ್ತಿಯೊಂದರ ಬಳಕೆಯಲ್ಲಿ ವಿಶೇಷಾರ್ಥಕ್ಕೆ ಸಂಕುಚಿಸಿದ ನಿದರ್ಶನ ಇದು.

ಈ ಪದದ ನಿಷ್ಪತ್ತಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಹಳೆಯ ಅಭಿಪ್ರಾಯವು ಅದನ್ನು ‘ಮಾಂಸ’ ಎಂಬರ್ಥದ ಇಂಡೋ-ಯುರೋಪಿಯನ್ ಧಾತುವಿಗೆ ಸಂಬಂಧಿಸುತ್ತದೆ. ಅದನ್ನು ಒಪ್ಪಿದರೆ ಗ್ರೀಕ್ ‘ಮೇನಿಂಕ್ಸ್’, ಸಂಸ್ಕೃತದ ‘ಮಾಂಸ’, ಲ್ಯಾಟಿನ್ನಿನ ‘ಮೆಂಬ್ರುಮ್’ ಹಾಗೂ ಅದರಿಂದಾದ ‘ಮೆಂಬ್ರಾನಾ’ ಒಂದೇ ಕುಟುಂಬದ ಸದಸ್ಯರಾಗುತ್ತವೆ. ಇನ್ನೊಂದು ಅಭಿಪ್ರಾಯ, ಮುಖ್ಯವಾಗಿ ರಾಬರ್ಟ್ ಬೀಕ್ಸ್ ಅವರದು, ಪದಾಂತ್ಯದ ‘-ಇಂಗ್-’ ಅಂಶಕ್ಕೆ ಒತ್ತು ಕೊಡುತ್ತದೆ. ‘ಸಾಲ್ಪಿಂಕ್ಸ್’ (ತುತ್ತೂರಿ), ‘ಸೂರಿಂಕ್ಸ್’ (ಕೊಳಲು) ಮೊದಲಾದ ಪದಗಳಲ್ಲಿ ಕಾಣುವ ಈ ಅಂಶವು ಗ್ರೀಕರು ಆ ನೆಲಕ್ಕೆ ಬರುವ ಮುನ್ನ ಅಲ್ಲಿದ್ದ ಭಾಷೆಯೊಂದರ ಉಳಿಕೆಯಾಗಿರಬಹುದೆಂಬುದು ಆ ವಾದ. ನಮ್ಮ ಉದ್ದೇಶಕ್ಕೆ ಎರಡೂ ಒಂದೇ ನಿರ್ಣಯಕ್ಕೆ ಒಯ್ಯುತ್ತವೆ: ಯಾವ ದಾರಿಯಲ್ಲಿ ಹೋದರೂ ‘ಮೇನಿಂಕ್ಸ್’ ಪದದಲ್ಲಿ ತಾಯಿಯ ಸುಳಿವಿಲ್ಲ.

ಅರಿಸ್ಟಾಟಲನು ಮಿದುಳಿಗೆ ಎರಡು ಪೊರೆಗಳಿರುವುದನ್ನೂ, ಮೂಳೆಯ ಬಳಿಯದು ಹೆಚ್ಚು ಬಲವಾದುದೆಂಬುದನ್ನೂ ಗುರುತಿಸಿದ್ದ. ಕ್ರಿಸ್ತಶಕ 2ನೇ ಶತಮಾನದಲ್ಲಿ ಗೇಲನ್ ಅವುಗಳನ್ನು ‘ದಪ್ಪ ಮೇನಿಂಕ್ಸ್’, ‘ತೆಳು ಮೇನಿಂಕ್ಸ್’ ಎಂದು ಕರೆದ. ಅವನ ‘ಪಾಖೇಯಿಯಾ’ (ದಪ್ಪ), ‘ಲೆಪ್ಟೇ’ (ತೆಳು) ಎಂಬ ವಿಶೇಷಣಗಳು ಇಂದಿಗೂ ‘ಪ್ಯಾಕಿಮೆನಿಂಕ್ಸ್’, ‘ಲೆಪ್ಟೊಮೆನಿಂಕ್ಸ್’ ಎಂಬ ಪದಗಳಲ್ಲಿ ಉಳಿದಿವೆ. ತೆಳು ಪೊರೆಯನ್ನು ಅವನು ಗರ್ಭಸ್ಥ ಶಿಶುವಿನ ಹೊದಿಕೆಯಾದ ‘ಕೋರಿಯಾನ್’ಗೆ ಹೋಲಿಸುತ್ತಾನೆ ನಿಜ. ಆದರೆ ಆ ಹೋಲಿಕೆಯ ಆಧಾರ ತಾಯ್ತನವಲ್ಲ, ಎರಡೂ ಪೊರೆಗಳು ರಕ್ತನಾಳಗಳನ್ನು ಹಿಡಿದಿಟ್ಟು ಒಟ್ಟುಗೂಡಿಸುತ್ತವೆಂಬ ರಚನಾಸಾಮ್ಯ.

ಪ್ರಾಚೀನ ಲ್ಯಾಟಿನ್ ಕೂಡ ತಾಯಿಯನ್ನು ಅರಿಯದು. 1ನೇ ಶತಮಾನದ ಸೆಲ್ಸಸ್ ಮಿದುಳಿನ ಪೊರೆಗೆ ‘ಮೆಂಬ್ರಾನಾ’ ಎಂಬ ಪದದಿಂದಲೇ ತೃಪ್ತನಾಗಿದ್ದ. ಬುರುಡೆಯನ್ನು ಕತ್ತರಿಸುವಾಗ ಪೊರೆಗೆ ಪೆಟ್ಟಾಗದಂತೆ ಅಡಿಯಲ್ಲಿ ತೂರಿಸುವ ಕಂಚಿನ ತಗಡೊಂದನ್ನು ಅವನು ವರ್ಣಿಸುತ್ತಾನೆ. ಗ್ರೀಕರು ಅದನ್ನು ‘ಮೇನಿಂಗೋಫುಲಾಕ್ಸ್’ ಎನ್ನುತ್ತಾರೆಂದು ತಿಳಿಸಿ, ಅದಕ್ಕೆ ‘ಮೆಂಬ್ರಾನಾಯ್ ಕುಸ್ಟೋಸ್’, ಅಂದರೆ ‘ಪೊರೆಯ ಕಾವಲುಗಾರ’, ಎಂಬ ಲ್ಯಾಟಿನ್ ಪದವನ್ನು ಕೊಡುತ್ತಾನೆ. ಇದು ಯಶಸ್ವಿಯಾದ ಅನುವಾದ ಎರವಲು. ಗ್ರೀಕ್ ‘ಫುಲಾಕ್ಸ್’ ಜೀವಂತ ರೂಪಕ. ಲ್ಯಾಟಿನ್ ‘ಕುಸ್ಟೋಸ್’ ಕೂಡ ಜೀವಂತ ರೂಪಕ. ಭಾಗಕ್ಕೆ ಭಾಗ ಹೊಂದಿತು, ಕೆಲಸಕ್ಕೆ ಕೆಲಸವೂ ಹೊಂದಿತು. ಈ ನಿದರ್ಶನವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ನಡೆದದ್ದು ಎಲ್ಲಿ ಭಿನ್ನವೆಂಬುದು ಸ್ಪಷ್ಟವಾಗುತ್ತದೆ.

3. ಅರಬೀ: ಬಂಧುವಾಚಕವೊಂದು ಸಂಬಂಧಸೂಚಕವಾದದ್ದು

9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಮತ್ತು ಅವನ ಬಳಗದವರು ಗೇಲನನ ಕೃತಿಗಳನ್ನು ಸಿರಿಯಾಕ್ ಮತ್ತು ಅರಬೀ ಭಾಷೆಗಳಿಗೆ ತಂದರು. ಅರಬೀ ವೈದ್ಯ ಪರಿಭಾಷೆಯಲ್ಲಿ ಮಿದುಳಿನ ಪೊರೆಗೆ ನೆಲೆಗೊಂಡ ಹೆಸರು ‘ಉಮ್ಮ್ ಅದ್-ದಿಮಾಘ್’. ಪದಶಃ ‘ಮಿದುಳಿನ ತಾಯಿ’. ಇಲ್ಲಿಯ ‘ದಿಮಾಘ್’ ಕನ್ನಡಿಗರಿಗೆ ಅಪರಿಚಿತವಲ್ಲ. ಫಾರಸಿ, ಉರ್ದುಗಳ ಮೂಲಕ ಬಂದು, ಮಿದುಳಿನಿಂದ ಮಿದುಳಿಗೇರಿದ ಸೊಕ್ಕಿಗೆ ಅರ್ಥ ಹೊರಳಿಸಿಕೊಂಡ ನಮ್ಮ ‘ದಿಮಾಕು’ ಅದೇ ಪದ.

‘ಉಮ್ಮ್’ ಏಕೆ? ಗೇಲನನ ಕೋರಿಯಾನ್ ಹೋಲಿಕೆಯೇ ಅರಬೀ ಅನುವಾದಕರಿಗೆ ತಾಯಿಯನ್ನು ಸೂಚಿಸಿತೆಂದು ಊಹಿಸುವುದು ಸುಲಭ. ಆದರೆ ಎರಡು ಆಧಾರಗಳು ಈ ಊಹೆಗೆ ವಿರುದ್ಧವಾಗಿವೆ. ಮೊದಲನೆಯದು ನಿಘಂಟಿನ ಆಧಾರ. ಅನುವಾದ ಯುಗಕ್ಕೆ ಮುಂಚಿನ, 8ನೇ ಶತಮಾನದ ಅಲ್-ಖಲೀಲ್ ಇಬ್ನ್ ಅಹ್ಮದನ ಹೆಸರಿನಲ್ಲಿರುವ ‘ಕಿತಾಬ್ ಅಲ್-ಐನ್’ ನಿಘಂಟು, ತನ್ನ ಸುತ್ತಲಿನವುಗಳನ್ನು ತನ್ನೊಳಗೆ ಕೂಡಿಸಿಕೊಳ್ಳುವ ಯಾವುದೇ ವಸ್ತುವನ್ನು ಅರಬರು ‘ಉಮ್ಮ್’ ಎನ್ನುತ್ತಾರೆಂದು ವಿವರಿಸಿ, ‘ಉಮ್ಮ್ ಅರ್-ರಾಸ್’ (ತಲೆಯ ತಾಯಿ) ಎಂಬುದನ್ನು ಉದಾಹರಿಸುತ್ತದೆ. ಎರಡನೆಯದು ನ್ಯಾಯಶಾಸ್ತ್ರದ ಆಧಾರ. ಇಸ್ಲಾಮೀ ಕಾನೂನಿನಲ್ಲಿ ತಲೆಯ ಗಾಯಗಳನ್ನು ಆಳಕ್ಕೆ ತಕ್ಕಂತೆ ವರ್ಗೀಕರಿಸಲಾಗಿದ್ದು, ಮಿದುಳಿನ ಪೊರೆಯವರೆಗೆ ಇಳಿದ ಗಾಯಕ್ಕೆ ‘ಮಅಮೂಮ’ ಎಂಬ ಹೆಸರಿದೆ. ಅದಕ್ಕೆ ಪೂರ್ಣ ಪರಿಹಾರಧನದ ಮೂರನೆಯ ಒಂದು ಭಾಗ ಸಲ್ಲಬೇಕು. ಈ ಹೆಸರು ‘ಉಮ್ಮ್’ ಪದದಿಂದಲೇ ಸಾಧಿತವಾದುದು, ಅಂದರೆ ‘ತಾಯಿಯನ್ನು ತಲುಪಿದ ಗಾಯ’. ಹೀಗೆ ಗೇಲನನ ಹಂಗಿಲ್ಲದೆಯೇ ತಲೆಯೊಳಗಿನ ಈ ತಾಯಿ ಅರಬೀ ನಾಡಿನ ಸ್ವಂತ ನುಡಿಯಲ್ಲಿದ್ದಳು. ಅನುವಾದಕರು ಗ್ರೀಕ್ ಪದವನ್ನು ಭಾಗಭಾಗವಾಗಿ ಕಟ್ಟಲಿಲ್ಲ, ತಮ್ಮಲ್ಲಿದ್ದ ಪದವನ್ನು ಕೊಟ್ಟರು.

ಅರಬಿಯಲ್ಲಿ ‘ಅಬು’ (ತಂದೆ), ‘ಉಮ್ಮ್’ (ತಾಯಿ), ‘ಇಬ್ನ್’ (ಮಗ), ‘ಬಿಂತ್’ (ಮಗಳು) ಎಂಬ ಬಂಧುವಾಚಕಗಳು ವಸ್ತುಗಳ ನಡುವಣ ಸಂಬಂಧವನ್ನು ಸೂಚಿಸಲು ವ್ಯಾಪಕವಾಗಿ ಬಳಕೆಯಾಗುತ್ತವೆ. ಪ್ರಯಾಣಿಕ ‘ಇಬ್ನ್ ಅಸ್-ಸಬೀಲ್’, ಅಂದರೆ ದಾರಿಯ ಮಗ. ಮೆಕ್ಕಾ ‘ಉಮ್ಮ್ ಅಲ್-ಕುರಾ’, ಊರುಗಳ ತಾಯಿ. ಇಂಥ ಕಡೆ ಕೇಳುಗನ ಮನಸ್ಸಿನಲ್ಲಿ ಹೆತ್ತ ತಾಯಿಯ ಚಿತ್ರ ಏಳಬೇಕಾಗಿಲ್ಲ. ‘ಆಧಾರವಾದದ್ದು’, ‘ಒಳಗೊಳ್ಳುವಂಥದ್ದು’, ‘ಪ್ರಧಾನವಾದದ್ದು’ ಎಂಬ ಸಂಬಂಧವಷ್ಟೇ ಮೂಡಿದರೆ ಸಾಕು. ನಾವು ‘ತಾಯಿಬೇರು’ ಎನ್ನುವಾಗ ಬೇರಿಗೆ ಮಕ್ಕಳಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಆದರೆ ಕನ್ನಡದಲ್ಲಿ ಇಂಥ ಪ್ರಯೋಗಗಳು ಕೆಲವೇ. ಅರಬಿಯಲ್ಲಿ ಇದು ಹೊಸ ಪದಗಳನ್ನು ಹುಟ್ಟಿಸಬಲ್ಲ ಮಾದರಿ. ನಾಮಪದವೊಂದು ತನ್ನ ಕೋಶಾರ್ಥವನ್ನು ತೆಳುಗೊಳಿಸಿಕೊಂಡು ಸಂಬಂಧಸೂಚಕದ ಕಡೆಗೆ ಸರಿದ, ವ್ಯಾಕರಣೀಕರಣದ ಆರಂಭದ ಹಂತವನ್ನು ನಾವು ಇಲ್ಲಿ ಕಾಣುತ್ತೇವೆ.

ಎರಡು ಪೊರೆಗಳನ್ನು ಬೇರ್ಪಡಿಸಲು ಅರಬೀ ವೈದ್ಯರು ವಿಶೇಷಣಗಳನ್ನು ಸೇರಿಸಿದರು. ಹೊರಗಿನದಕ್ಕೆ ‘ಜಾಫಿಯ’ (ಒರಟಾದದ್ದು), ‘ಸಫೀಕ’ (ಒತ್ತಾಗಿ ನೇಯ್ದಂತಿರುವುದು) ಎಂಬವೂ ಒಳಗಿನದಕ್ಕೆ ‘ರಕೀಕ’ (ತೆಳುವಾದದ್ದು) ಎಂಬುದೂ ಬಂದವು. ‘ಜಾಫಿಯ’, ‘ರಕೀಕ’ ಇವೆರಡೂ ಅನೇಕಾರ್ಥಕಗಳೆಂಬುದು ಇಲ್ಲಿ ನಿರ್ಣಾಯಕ. ಬಟ್ಟೆಯ ಬಗ್ಗೆ ಹೇಳಿದರೆ ‘ರಕೀಕ್’ ತೆಳು, ನವಿರು. ಹೃದಯದ ಬಗ್ಗೆ ಹೇಳಿದರೆ ಮೃದು, ಕರುಣಾಳು. ಹಾಗೆಯೇ ‘ಜಾಫಿ’ ಎಂಬುದು ವಸ್ತುವಿನ ಒರಟುತನವನ್ನೂ ಮನುಷ್ಯರ ನಿಷ್ಠುರತೆಯನ್ನೂ ಹೇಳಬಲ್ಲದು. ಪೊರೆಯ ಸಂದರ್ಭದಲ್ಲಿ ಅರಬೀ ಓದುಗನಿಗೆ ಮೊದಲ ಅರ್ಥವೇ ಹೊಳೆಯುತ್ತಿತ್ತು. ಎರಡನೆಯದು ಹಿನ್ನೆಲೆಯಲ್ಲಿ ಸುಮ್ಮನಿತ್ತು.

4. ಲ್ಯಾಟಿನ್: ತಾಯಿ ಎಚ್ಚತ್ತದ್ದು

10ನೇ ಶತಮಾನದಲ್ಲಿ ಅಲೀ ಇಬ್ನ್ ಅಲ್-ಅಬ್ಬಾಸ್ ಅಲ್-ಮಜೂಸಿ ಬುವೈಹಿದ್ ದೊರೆ ಅದುದ್ ಅದ್-ದೌಲನಿಗೆ ಅರ್ಪಿಸಿದ ವೈದ್ಯಗ್ರಂಥವು ‘ರಾಜಗ್ರಂಥ’ವೆಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅದು ಲ್ಯಾಟಿನ್ನಿಗೆ ಎರಡು ಬಾರಿ ಹೋಯಿತು. 11ನೇ ಶತಮಾನದ ಉತ್ತರಾರ್ಧದಲ್ಲಿ, ಉತ್ತರ ಆಫ್ರಿಕಾದಿಂದ ಇಟಲಿಗೆ ಬಂದು ಮಾಂಟೆ ಕಸೀನೋ ಮಠದಲ್ಲಿ ನೆಲೆಸಿದ ಕಾನ್‌ಸ್ಟಂಟೈನ್ ಅದನ್ನು ‘ಪಾಂಟೆಗ್ನಿ’ ಎಂಬ ಹೆಸರಿನಲ್ಲಿ ಭಾಗಶಃ ರೂಪಾಂತರಿಸಿದ. ಅವನು ಮೂಲ ಲೇಖಕನ ಹೆಸರನ್ನು ಮರೆಮಾಡಿ ಗ್ರಂಥವನ್ನು ಕೆಡಿಸಿದನೆಂದು ದೂರಿ, ಆಂಟಿಯಾಕಿನ ಸ್ಟೀಫನ್ 1127ರಲ್ಲಿ ಅದನ್ನು ಮತ್ತೆ ಪೂರ್ಣವಾಗಿ ಅನುವಾದಿಸಿದ. ಓದುಗರ ನೆರವಿಗೆಂದು ಗ್ರೀಕ್, ಅರಬೀ, ಲ್ಯಾಟಿನ್ ಔಷಧನಾಮಗಳ ಪಟ್ಟಿಯೊಂದನ್ನೂ ಸಿದ್ಧಪಡಿಸಿದ. ಪದನಿಷ್ಠೆ ಅವನ ಕಾಳಜಿಯಾಗಿತ್ತೆಂಬುದಕ್ಕೆ ಇದು ಸಾಕ್ಷಿ. ‘ಡುರಾ ಮಾಟೆರ್’, ‘ಪಿಯಾ ಮಾಟೆರ್’ ಎಂಬ ಜೋಡಿ ಲ್ಯಾಟಿನ್ ವೈದ್ಯದಲ್ಲಿ ಬೇರೂರಿದ್ದು ಅರಬಿಯಿಂದಾದ ಈ ಅನುವಾದಗಳ ಹಾದಿಯಲ್ಲಿ. ಸಾಮಾನ್ಯವಾಗಿ ಸ್ಟೀಫನ್ನನಿಗೆ ಸಲ್ಲುವ ಈ ಶ್ರೇಯಸ್ಸನ್ನು ಕಾನ್‌ಸ್ಟಂಟೈನನಿಗೆ ಕೊಟ್ಟರೂ ನಮ್ಮ ವಾದ ಬದಲಾಗುವುದಿಲ್ಲ. ಇಬ್ಬರ ಮುಂದೆಯೂ ಇದ್ದದ್ದು ಅದೇ ಅರಬೀ ಗ್ರಂಥ.

ಅನುವಾದದ ಕ್ಷಣದಲ್ಲಿ ಏನಾಯಿತೆಂಬುದನ್ನು ಎರಡು ಹೆಜ್ಜೆಗಳಲ್ಲಿ ನೋಡಬಹುದು. ಮೊದಲ ಹೆಜ್ಜೆಯಲ್ಲಿ ‘ಉಮ್ಮ್’ ಎಂಬುದು ‘ಮಾಟೆರ್’ ಆಯಿತು. ನಿಘಂಟಿನ ಪ್ರಕಾರ ಇದು ದೋಷರಹಿತ. ಆದರೆ ಲ್ಯಾಟಿನ್ನಿನಲ್ಲಿ ‘ಮಾಟೆರ್’ ಪದಕ್ಕೆ ಅರಬಿಯ ‘ಉಮ್ಮ್’ ಪಡೆದಿದ್ದ ಸಂಬಂಧಸೂಚಕ ಸ್ಥಾನವಿರಲಿಲ್ಲ. ವಸ್ತುಗಳಿಗೆ ತಂದೆತಾಯಿಗಳನ್ನು ಅಂಟಿಸುವ ಸಾಧಾರಣ ಮಾದರಿ ಅಲ್ಲಿರಲಿಲ್ಲ. ಹೀಗಾಗಿ ಅರಬಿಯಲ್ಲಿ ಬಹುಮಟ್ಟಿಗೆ ನಿದ್ರಿಸುತ್ತಿದ್ದ ರೂಪಕ ಲ್ಯಾಟಿನ್ನಿನಲ್ಲಿ ಎದ್ದು ಕುಳಿತಿತು.

ಎರಡನೆಯ ಹೆಜ್ಜೆ ಮೊದಲನೆಯದರ ಫಲ. ಮುಂದೆ ತಾಯಿ ನಿಂತಿರುವಾಗ ‘ರಕೀಕ’ ಎಂಬುದಕ್ಕೆ ಯಾವ ಅರ್ಥ ಹಿಡಿಯಬೇಕು? ಪೊರೆಯ ವಿಶೇಷಣವಾಗಿದ್ದರೆ ‘ತೆನುಯಿಸ್’ (ತೆಳು) ಎಂಬ ಲ್ಯಾಟಿನ್ ಪದ ಸಿದ್ಧವಾಗಿತ್ತು. ತಾಯಿಯ ವಿಶೇಷಣವಾದಾಗ ಅರಬೀ ಪದದ ಎರಡನೆಯ ಅರ್ಥವಾದ ಕರುಣೆ ಮುಂದೆ ಬಂದಿತು, ‘ಪಿಯಾ’ ಆಯ್ಕೆಯಾಯಿತು. ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ‘ಪಿಯಾ’ ಎಂಬುದನ್ನು ಅನುವಾದಕನ ಶುದ್ಧ ಪ್ರಮಾದವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಾಚೀನ ಲ್ಯಾಟಿನ್ನಿನ ‘ಪಿಯುಸ್’ ದೇವರಿಗೂ ಹಿರಿಯರಿಗೂ ಸಲ್ಲಿಸುವ ಕರ್ತವ್ಯನಿಷ್ಠೆಯನ್ನು ಹೇಳುತ್ತಿತ್ತು. ಮಧ್ಯಯುಗದ ಕ್ರೈಸ್ತ ಲ್ಯಾಟಿನ್ನಿನಲ್ಲಿ ಅದು ದಯೆ, ಕರುಣೆ, ಅಂತಃಕರಣಗಳ ಕಡೆಗೆ ವಾಲಿತ್ತು. ಆ ಕಾಲದ ಓದುಗನಿಗೆ ‘ಪಿಯಾ ಮಾಟೆರ್’ ಎಂದರೆ ಭಕ್ತಿವಂತ ತಾಯಿಗಿಂತ ಮಿಗಿಲಾಗಿ ಅಂತಃಕರಣದ ತಾಯಿ. ಮಿದುಳನ್ನು ಅಪ್ಪಿ ಹಿಡಿದ ನವಿರು ಪೊರೆಗೆ ಈ ಹೆಸರು ಅಸಂಗತವೆನ್ನಿಸಿರಲಾರದು. ನಮ್ಮ ವಿದ್ಯಾರ್ಥಿನಿಯ ‘ಭಕ್ತಿವಂತ ಮಾತೆ’ ಲ್ಯಾಟಿನ್ ಪದದ ಬೇರೊಂದು ಕಾಲದ ಅರ್ಥವನ್ನು ಹಿಡಿದಿತ್ತು.

ಹಾಗಾಗಿ ಇದನ್ನು ಪ್ರಮಾದವೆನ್ನುವ ಬದಲು ಅರ್ಥಾಕರ್ಷಣೆ ಎಂದು ಹೆಸರಿಸುವುದು ನಮಗೆ ಸೂಕ್ತವೆನಿಸುತ್ತದೆ. ಸಮಾಸದ ಪ್ರಧಾನ ಪದವು ಮರುಜೀವ ಪಡೆದಾಗ ತನ್ನ ವಿಶೇಷಣದ ಅನೇಕ ಅರ್ಥಗಳಲ್ಲಿ ತನಗೊಪ್ಪುವುದನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಸೆಲ್ಸಸ್ಸನ ‘ಪೊರೆಯ ಕಾವಲುಗಾರ’ನಲ್ಲಿ ಹೀಗಾಗಲಿಲ್ಲ, ಅಲ್ಲಿ ಎರಡೂ ಭಾಷೆಗಳ ಪದಗಳು ಒಂದೇ ಬಗೆಯ ಕೆಲಸ ಮಾಡುತ್ತಿದ್ದವು.

5. ಶುದ್ಧೀಕರಣ, ಲೋಪ, ವಿಸ್ತರಣೆ

ಪುನರುಜ್ಜೀವನ ಕಾಲದ ಮಾನವತಾವಾದಿಗಳಿಗೆ ಅರಬೀ ನೆರಳಿನ ಲ್ಯಾಟಿನ್ ಹಿಡಿಸಲಿಲ್ಲ. 1543ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದ ಏಳನೆಯ ಭಾಗದಲ್ಲಿ ವೆಸಾಲಿಯಸ್ ಈ ಪೊರೆಗಳನ್ನು ‘ಮಿದುಳಿನ ಗಡಸು ಮೆಂಬ್ರಾನಾ’, ‘ಮಿದುಳಿನ ತೆಳು ಮೆಂಬ್ರಾನಾ’ ಎಂದು ಕರೆದ. ತಾಯಿಯೂ ಹೋದಳು, ಕರುಣೆಯೂ ಹೋಯಿತು. ಗೇಲನನ ತೆಳುವು ಮರಳಿತು. ತರ್ಕದ ದೃಷ್ಟಿಯಿಂದ ಈ ಪದಗಳೇ ಮೇಲು. ಆದರೂ ಗೆದ್ದದ್ದು ತಾಯಿ. 1895ರಲ್ಲಿ ಬಾಸೆಲ್ ನಗರದಲ್ಲಿ ಅಂಗೀಕೃತವಾದ ಅಂಗರಚನಾ ಪದಾವಳಿಯಲ್ಲಿ ‘ಡುರಾ ಮಾಟೆರ್’, ‘ಪಿಯಾ ಮಾಟೆರ್’ಗಳೇ ಉಳಿದವು. ನಾಲ್ಕು ಶತಮಾನಗಳ ಪಾಠ, ಟೀಕೆ, ಶಸ್ತ್ರಚಿಕಿತ್ಸೆಗಳಲ್ಲಿ ಬಳಕೆಯಾಗಿದ್ದ ಪದವನ್ನು ಒಂದು ಗ್ರಂಥದ ಅಧಿಕಾರ, ಅದು ವೆಸಾಲಿಯಸ್ಸನದೇ ಆದರೂ, ಕದಲಿಸಲಾಗಲಿಲ್ಲ.

ಆದರೆ ಬಳಕೆ ತನ್ನದೇ ಶುದ್ಧೀಕರಣವನ್ನು ಮಾಡಿತು. ವೈದ್ಯರ ಮಾತಿನಲ್ಲಿ ಪ್ರಧಾನ ಪದವಾದ ‘ಮೇಟರ್’ ಲೋಪವಾಗಿ ‘ಡ್ಯೂರಾ’, ‘ಪಯಾ’ ಎಂಬ ವಿಶೇಷಣಗಳೇ ನಾಮಪದಗಳಾದವು. ಅವುಗಳಿಂದ ‘ಎಪಿಡ್ಯೂರಲ್’, ‘ಸಬ್‌ಡ್ಯೂರಲ್’ ಮೊದಲಾದವು ಸಾಧಿತವಾದವು. ಈ ಲೋಪ ಸುಗಮವಾದುದಕ್ಕೆ ಲಿಂಗವ್ಯವಸ್ಥೆಯೂ ಕಾರಣ. ಗ್ರೀಕ್ ‘ಮೇನಿಂಕ್ಸ್’, ಅರಬೀ ‘ಉಮ್ಮ್’, ಲ್ಯಾಟಿನ್ ‘ಮಾಟೆರ್’ ಮತ್ತು ‘ಮೆಂಬ್ರಾನಾ’ ಎಲ್ಲವೂ ಸ್ತ್ರೀಲಿಂಗ. ಆದುದರಿಂದ ಒಂಟಿಯಾಗಿ ನಿಂತ ‘ಡುರಾ’ ಎಂಬುದರ ಹಿಂದೆ ತಾಯಿಯನ್ನು ಊಹಿಸಿದರೂ ಸರಿ, ವೆಸಾಲಿಯಸ್ಸನ ಪೊರೆಯನ್ನು ಊಹಿಸಿದರೂ ಸರಿ. ಹೆರಿಗೆಕೋಣೆಯಲ್ಲಿ ‘ಎಪಿಡ್ಯೂರಲ್’ ಎಂಬ ಮಾತು ಕೇಳಿಬರುವಾಗ, ಅದರೊಳಗಿಂದ ತಾಯಿ ಬಿಟ್ಟುಹೋಗಿದ್ದಾಳೆಂಬುದು ಯಾರ ಗಮನಕ್ಕೂ ಬರುವುದಿಲ್ಲ.

ವಿಚಿತ್ರವೆಂದರೆ, ಒಂದು ಕಡೆ ಲೋಪವಾದ ತಾಯಿ ಇನ್ನೊಂದು ಕಡೆ ವಿಸ್ತರಿಸಿದಳು. ‘ಅರಕ್ನಾಯ್ಡ್’ (ಜೇಡರ ಬಲೆಯಂಥದ್ದು) ಎಂಬುದು ಮೂಲತಃ ಕಣ್ಣಿನ ಪದ. ಹೆರೋಫಿಲಸ್ ಕಣ್ಣಿನ ಅತಿ ತೆಳು ಪದರವೊಂದನ್ನು ಹೀಗೆ ಕರೆದನೆಂದು ಸೆಲ್ಸಸ್ ದಾಖಲಿಸಿದ್ದಾನೆ. ಮಿದುಳಿನ ನಡುಪೊರೆಯು ಪ್ರತ್ಯೇಕವೆಂದು ಸ್ಪಷ್ಟವಾದದ್ದು 17ನೇ ಶತಮಾನದ ದ್ವಿತೀಯಾರ್ಧದಲ್ಲಿ; ಆಗ ಈ ಗ್ರೀಕ್ ಪದ ಅದಕ್ಕೆ ಬಂದಿತು. ಅದ್ಯಾವ ಅರಬೀ ತಾಯಿಯ ಅನುವಾದವೂ ಅಲ್ಲ. ಆದರೂ 1998ರ ಅಂತರರಾಷ್ಟ್ರೀಯ ಅಂಗರಚನಾ ಪದಾವಳಿಯು ಅದನ್ನು ‘ಅರಕ್ನಾಯ್ಡಿಯಾ ಮಾಟೆರ್’ ಎಂದು ದಾಖಲಿಸಿತು. ಎರಡು ಪದಗಳ ಸಾದೃಶ್ಯದಿಂದ ಮೂರನೆಯದಕ್ಕೂ ತಾಯಿ ಅಂಟಿದಳು. ಅರಬಿಯ ಸಂಬಂಧಸೂಚಕ ಲ್ಯಾಟಿನ್ನಿನಲ್ಲಿ ಜೀವಂತ ರೂಪಕವಾಗಿ, ಕೊನೆಗೆ ವೈದ್ಯ ಪರಿಭಾಷೆಯೊಳಗೆ ‘ಮಿದುಳಿನ ಪೊರೆ’ ಎಂಬಷ್ಟೇ ಅರ್ಥದ ವರ್ಗಸೂಚಕವಾಗಿ, ಒಂದು ಸುತ್ತು ಮುಗಿಸಿತು.

6. ಭಾರತೀಯ ಪದಗಳು ಮತ್ತು ಕನ್ನಡದ ‘ಪೊರೆ’

ಆಧುನಿಕ ಭಾಷೆಗಳು ಈ ಆನುವಂಶಿಕ ತಾಯಿಯನ್ನು ಎರಡು ಬಗೆಯಲ್ಲಿ ಎದುರುಗೊಂಡಿವೆ. ಫ್ರೆಂಚ್ ಭಾಷೆ ‘ದ್ಯೂರ್-ಮೇರ್’, ‘ಪೀ-ಮೇರ್’ ಎಂದು ತಾಯಿಯನ್ನು ಉಳಿಸಿಕೊಂಡಿತು. ಜರ್ಮನ್ ಭಾಷೆ ‘ಗಡಸು ಮಿದುಳುಚರ್ಮ’, ‘ಮೆತ್ತನೆಯ ಮಿದುಳುಚರ್ಮ’ ಎಂಬರ್ಥದ ಪದಗಳನ್ನು ಕಟ್ಟಿತು. ಹಿಂದಿಯ ಪಾರಿಭಾಷಿಕ ಪದಗಳಾದ ‘ದೃಢತಾನಿಕಾ’, ‘ಜಾಲತಾನಿಕಾ’, ‘ಮೃದುತಾನಿಕಾ’ ಎಂಬವೂ ತಾಯಿಯನ್ನು ಕೈಬಿಟ್ಟಿವೆ. ಆದರೂ ‘ಮೃದು’ ಎಂಬಲ್ಲಿ ‘ರಕೀಕ’ದ ಎರಡನೆಯ ಅರ್ಥದ ಛಾಯೆ ಉಳಿದಿರುವುದನ್ನು ಗಮನಿಸಬಹುದು. ಒಳಪೊರೆಯ ಲಕ್ಷಣ ತೆಳುತನ. ಮೃದುತ್ವ ‘ಪಯಾ’ದ ಮೂಲಕ ಬಂದದ್ದು.

ಸಂಸ್ಕೃತ ವೈದ್ಯಪರಂಪರೆಯಲ್ಲಿ ಪೊರೆಗೆ ಪದವಿರಲಿಲ್ಲವೆಂದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಧಾತು ಮತ್ತು ಆಶಯಗಳ ನಡುವಣ ಏಳು ‘ಕಲಾ’ಗಳನ್ನು ಹೇಳುತ್ತದೆ. ಮಾಂಸಧರಾ, ರಕ್ತಧರಾ, ಮೇದೋಧರಾ ಮೊದಲಾದ ಅವುಗಳ ಹೆಸರುಗಳು ಪೊರೆಯನ್ನು ‘ಧರಿಸುವವಳು’ ಎಂಬ ಕ್ರಿಯೆಯಿಂದ ಗುರುತಿಸುತ್ತವೆ. ಅದೇ ಗ್ರಂಥದಲ್ಲಿ ಕುತ್ತಿಗೆಯ ಎಂಟು ಮರ್ಮಗಳಿಗೆ ‘ಮಾತೃಕಾ’ ಎಂಬ ಹೆಸರೂ ಇದೆ. ಅಂಗಗಳಿಗೆ ತಾಯಿಯ ಹೆಸರಿಡುವುದು ಅರಬಿಗೆ ಮಾತ್ರ ಸೀಮಿತವಲ್ಲ. ಆದರೆ ಏಳು ಕಲೆಗಳಲ್ಲಿ ಮಿದುಳಿನ ಪೊರೆ ಸೇರಿಲ್ಲದ ಕಾರಣ ಹಳೆಯ ಪದವನ್ನು ಹಾಗೆಯೇ ಎತ್ತಿಕೊಳ್ಳುವಂತಿರಲಿಲ್ಲ.

ಕನ್ನಡದಲ್ಲಿ ನೆಲೆಗೊಂಡಿರುವುದು ‘ಮಿದುಳಿನ ಪೊರೆ’, ‘ಮಿದುಳುಪೊರೆ’. ಈ ‘ಪೊರೆ’ ಭಾಷಾಶಾಸ್ತ್ರಜ್ಞರ ಗಮನಕ್ಕೆ ಅರ್ಹವಾದ ಪದ. ಹಳಗನ್ನಡದ ಪಕಾರಾದಿ ಪದಗಳು ಮುಂದೆ ಹಕಾರಾದಿಗಳಾದುದು ಸರ್ವವಿದಿತ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೊಸತು ಹೊಸತಾಯಿತು. ‘ಸಲಹು’ ಎಂಬರ್ಥದ ‘ಪೊರೆ’ ಕ್ರಿಯಾಪದವೂ ಈ ನಿಯಮಕ್ಕೆ ಒಳಗಾಗಿ ‘ಹೊಟ್ಟೆ ಹೊರೆ’ ಎಂಬ ನುಡಿಗಟ್ಟಿನಲ್ಲಿ ಹಕಾರವನ್ನು ಪಡೆದಿದೆ. ಕಾವ್ಯ, ಕೀರ್ತನೆಗಳ ಭಾಷೆಯಲ್ಲಿ ಮಾತ್ರ ಪಕಾರವನ್ನು ಉಳಿಸಿಕೊಂಡಿದೆ. ಶಕಟರೇಫದ ‘ಪೊಱೆ’ (ಭಾರ) ಇಂದಿನ ‘ಹೊರೆ’ಯಾಗಿದೆ. ಆದರೆ ‘ಪದರ’ ಎಂಬರ್ಥದ ‘ಪೊರೆ’ ಶಿಷ್ಟ ಬಳಕೆಯಲ್ಲಿ ಪಕಾರವನ್ನು ಬಿಟ್ಟಿಲ್ಲ. ಹಾವು ಪೊರೆ ಕಳಚುತ್ತದೆ, ಮುದುಕರ ಕಣ್ಣಿಗೆ ಪೊರೆ ಬರುತ್ತದೆ. ಱಕಾರವು ರಕಾರದಲ್ಲಿ ಲೀನವಾದ ಮೇಲೆ ಮೂರು ಪದಗಳೂ ‘ಹೊರೆ’ಯಲ್ಲಿ ಬೆರೆತುಹೋಗುವ ಅಪಾಯವಿತ್ತು. ಸಮರೂಪತೆಯನ್ನು ತಪ್ಪಿಸುವ ಒತ್ತಡವೇ ಪದರದ ‘ಪೊರೆ’ಯಲ್ಲಿ ಪಕಾರವನ್ನು ಕಾಪಾಡಿರಬಹುದೆಂದು ನಾವು ಸೂಚಿಸುತ್ತೇವೆ.

ಇದರ ಪರಿಣಾಮವೊಂದಿದೆ. ‘ಮಿದುಳುಪೊರೆ’ ಎಂಬುದನ್ನು ಕೇಳಿದ ಸಾಹಿತ್ಯಪರಿಚಯವುಳ್ಳ ಕನ್ನಡಿಗನಿಗೆ ಪದರದ ಜೊತೆಗೆ ಸಲಹುವಿಕೆಯೂ ನೆನಪಾಗಬಹುದು. ಪೊರೆಯುವುದರಿಂದ ಪೊರೆ ಎಂಬ ಸುಂದರವಾದ ವಿವರಣೆ ಥಟ್ಟನೆ ಹೊಳೆಯುತ್ತದೆ. ರೂಪಸಾಮ್ಯವು ಮೂಲಸಾಮ್ಯಕ್ಕೆ ಪ್ರಮಾಣವಲ್ಲವಾದ್ದರಿಂದ ಈ ವಿವರಣೆಯನ್ನು ನಿಷ್ಪತ್ತಿಯೆಂದು ಸ್ವೀಕರಿಸಲಾಗದು. ಆದರೆ ಬಳಕೆದಾರನ ಮನಸ್ಸಿನಲ್ಲಿ ಅದು ಮಾಡುವ ಕೆಲಸವನ್ನು ಅಲ್ಲಗಳೆಯಲೂ ಆಗದು. ಲ್ಯಾಟಿನ್ ಓದುಗನು ‘ಮಾಟೆರ್’ನಲ್ಲಿ ತಾಯಿಯನ್ನು ಕೇಳಿದಂತೆಯೇ ಕನ್ನಡ ಓದುಗನು ‘ಪೊರೆ’ಯಲ್ಲಿ ರಕ್ಷಕನನ್ನು ಕೇಳುತ್ತಾನೆ.

ಇದು ಪಂಡಿತರ ಕುತೂಹಲದ ವಿಷಯ ಮಾತ್ರವಲ್ಲ. ನಮ್ಮಲ್ಲಿ ಮಿದುಳಿನ ಪೊರೆಗಳಿಗೆ ತಗಲುವ ಮೆನಿಂಜೈಟಿಸ್, ಮಿದುಳಿಗೇ ತಗಲುವ ಎನ್‌ಸೆಫಲೈಟಿಸ್ ಎರಡನ್ನೂ ಆಡುಮಾತು ‘ಮೆದುಳು ಜ್ವರ’ ಎನ್ನುತ್ತದೆ. ಇವುಗಳ ಕಾರಣಗಳೂ ಚಿಕಿತ್ಸೆಯೂ ಲಸಿಕೆಗಳೂ ಬೇರೆ ಬೇರೆ. ಜಪಾನೀಸ್ ಎನ್‌ಸೆಫಲೈಟಿಸ್ ವಿರುದ್ಧ ‘ಮೆದುಳು ಜ್ವರದ ಲಸಿಕೆ’ ಹಾಕಿಸಿದ ತಾಯಿಯೊಬ್ಬಳು ಮಗು ಮೆನಿಂಜೈಟಿಸ್‌ನಿಂದಲೂ ಸುರಕ್ಷಿತವೆಂದು ನಂಬಿದರೆ ಅದು ಆಕೆಯ ಅಜ್ಞಾನವಲ್ಲ, ನಮ್ಮ ಪದದ ಕೊರತೆ. ‘ಪೊರೆ’ ಎಂಬ ಎರಡಕ್ಷರ ಆ ವ್ಯತ್ಯಾಸವನ್ನು ಹೇಳಬಲ್ಲದು. ‘ಮಿದುಳುಪೊರೆಯ ಉರಿಯೂತ’ ಎಂದಾಗ ರೋಗ ಎಲ್ಲಿದೆಯೆಂಬುದು ಹೆಸರಿನಲ್ಲಿಯೇ ತಿಳಿಯುತ್ತದೆ.

7. ಉಪಸಂಹಾರ

ಪರಿಭಾಷೆಯನ್ನು ಕಟ್ಟುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಮೂಲಪದದ ಪ್ರತಿಯೊಂದು ಭಾಗದ ಅರ್ಥವೇನು ಎಂಬುದು. ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಆ ಭಾಗವು ಮೂಲಭಾಷೆಯಲ್ಲಿ ಏನು ಕೆಲಸ ಮಾಡುತ್ತಿತ್ತು? ‘ಉಮ್ಮ್’ ಎಂಬುದರ ಅರ್ಥ ತಾಯಿ. ಅದರ ಕೆಲಸ ಒಳಗೊಳ್ಳುವ ಸಂಬಂಧವನ್ನು ಸೂಚಿಸುವುದು. ಲ್ಯಾಟಿನ್ನಿಗೆ ಅರ್ಥ ದಾಟಿತು, ಕೆಲಸ ದಾಟಲಿಲ್ಲ. ಅದೇ ಕೆಲಸವನ್ನು ಕನ್ನಡದಲ್ಲಿ ‘ಪೊರೆ’ ತಾನಾಗಿಯೇ ಮಾಡುತ್ತಿದೆ. ಬಿಡಿ ಪೊರೆಗಳಿಗೆ ಹೆಸರು ಬೇಕಾದರೆ ‘ಗಡಸುಪೊರೆ’, ‘ಜೇಡಬಲೆಪೊರೆ’, ‘ನವಿರುಪೊರೆ’ ಎಂಬವು ಸಾಕಾಗಬಹುದು. ತೆಳು ಮತ್ತು ಕೋಮಲ ಎರಡನ್ನೂ ಹೇಳುವ ‘ನವಿರು’ ಅರಬಿಯ ‘ರಕೀಕ’ಕ್ಕೆ ಲ್ಯಾಟಿನ್ನಿನ ‘ಪಿಯಾ’ಗಿಂತ ಹತ್ತಿರದ್ದು.

ವೆಸಾಲಿಯಸ್ಸನ ಸೋಲು ಕಲಿಸುವ ಪಾಠವೂ ಇಲ್ಲಿ ಪ್ರಸ್ತುತ. ಸರಿಯಾದ ಪದವೆಂಬ ಒಂದೇ ಬಲದಿಂದ ಪದ ನಿಲ್ಲುವುದಿಲ್ಲ. ಪಾಠದಲ್ಲಿ, ಆಸ್ಪತ್ರೆಯಲ್ಲಿ, ಮನೆಯಲ್ಲಿ ಅದನ್ನು ಆಡುವ ಬಾಯಿಗಳು ಬೇಕು. ‘ಡ್ಯೂರಾ’, ‘ಪಯಾ’ಗಳನ್ನು ವೈದ್ಯರ ಬಾಯಿಂದ ಬಿಡಿಸುವ ಅಗತ್ಯವಿಲ್ಲ, ಅದು ಸಾಧ್ಯವೂ ಅಲ್ಲ. ಆ ವೈದ್ಯರು ರೋಗಿಯ ಮನೆಯವರ ಕಡೆಗೆ ತಿರುಗಿ ಮಾತನಾಡುವಾಗ ಬಳಸಲು ಒಂದು ಮಾತು ಸಿದ್ಧವಿರಬೇಕು. ಮುಂದಿನ ವರ್ಷದ ತರಗತಿಯಲ್ಲಿ ಅದೇ ಇಪ್ಪತ್ತು ಪದಗಳನ್ನು ಕೊಡುವಾಗ ನಾವು ಪ್ರತಿ ಪದದ ಎದುರಿಗೆ ಎರಡು ಅಂಕಣಗಳನ್ನು ಬಿಡಬೇಕೆಂದಿದ್ದೇವೆ. ಒಂದು ಅರ್ಥಕ್ಕೆ, ಇನ್ನೊಂದು ಕೆಲಸಕ್ಕೆ.